ಕಳ್ಳರಿಗೂ ಒಬ್ಬ ದೇವರು

ಪ್ರಿಯ ಸತೀಶ,

ನಿನ್ನ ಪತ್ರ ಓದಿ ನಗು ಬಂತು. "ಕಳ್ಳರಿಗೂ ಒಬ್ಬ ದೇವರಿದ್ದಾನಂತೆ, ಅವನೇ ಉಳಿದ ದೇವರಿಗೆಲ್ಲ ಟಪಾಲು ಹಂಚುವವನಂತೆ, ಗ್ರೀಕರಿಗೆ ಬೇರೆ ಯಾರೂ ಸಿಗಲಿಲ್ವಾ?" ಅಂತ ಕೇಳಿದ್ದೀಯ. ಮಗಳ ಕ್ವಿಜ್‌ಗೆ ಎರಡು ಸಾಲು ಸಾಕು ಅಂತಲೂ ಬರೆದಿದ್ದೀಯ. ಅವಳ ಸಾಲುಗಳನ್ನು ಮೊದಲೇ ಕೊಟ್ಟುಬಿಡುತ್ತೇನೆ. ಹೆಸರು ಹರ್ಮೀಸ್. ಅಪ್ಪ ದೇವತೆಗಳ ರಾಜ ಜ್ಯೂಸ್, ಅಮ್ಮ ಮಾಯಾ, ಅವಳು ಆಕಾಶ ಹೊತ್ತುಕೊಂಡಿರುವ ಅಟ್ಲಾಸನ ಮಗಳು. ದೇವತೆಗಳ ದೂತ. ದಾರಿಹೋಕರು, ವ್ಯಾಪಾರಿಗಳು, ದನ ಕಾಯುವವರು, ಕಳ್ಳರು ಎಲ್ಲರಿಗೂ ಬೇಕಾದವನು. ತಲೆಗೆ ಅಗಲ ಅಂಚಿನ ಟೊಪ್ಪಿ, ಕಾಲಿಗೆ ರೆಕ್ಕೆಯ ಚಪ್ಪಲಿ, ಕೈಯಲ್ಲಿ ಕೋಲು. ರೋಮನ್ನರು ಇವನನ್ನೇ ಮರ್ಕ್ಯುರಿ ಅಂದರು. ಇಷ್ಟು ಅವಳಿಗೆ. ಉಳಿದದ್ದು ನಿನಗೆ.

ನಿನ್ನ ಪ್ರಶ್ನೆಗೆ ನೇರ ಉತ್ತರ ಬೇಕಾದರೆ ಇದು: ಕಳ್ಳತನ ಗೊತ್ತಿದ್ದದ್ದರಿಂದಲೇ ಅವನಿಗೆ ದೂತನ ಕೆಲಸ ಸಿಕ್ಕಿದ್ದು. ಸದ್ದಿಲ್ಲದೆ ಓಡಾಡುವುದು, ಕಾವಲುಗಾರರ ಕಣ್ಣು ಮುಚ್ಚಿಸುವುದು, ಮುಚ್ಚಿದ ಬಾಗಿಲು ದಾಟುವುದು. ಕಳ್ಳನಿಗೆ ಬೇಕಾದದ್ದು ಇಷ್ಟೇ ತಾನೆ? ದೂತನಿಗೂ ಇಷ್ಟೇ ಬೇಕು. ಅವನ ಕಥೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಆ ಮೂರೇ ವಿದ್ಯೆ ಮತ್ತೆ ಮತ್ತೆ ಬರುತ್ತವೆ.

ಮೊದಲನೆಯ ಕಥೆ ಅವನು ಹುಟ್ಟಿದ ದಿನದ್ದು. ಗ್ರೀಕ್ ಮಹಾಕವಿ ಹೋಮರನ ಹೆಸರಿನಲ್ಲಿ ಒಂದಷ್ಟು ಹಳೆಯ ಸ್ತೋತ್ರಗಳಿವೆ. ಬರೆದದ್ದು ಹೋಮರ್ ಅಲ್ಲ, ಹೆಸರು ಮಾತ್ರ ಅವನದು. ಅದರಲ್ಲಿ ಹರ್ಮೀಸನ ಮೇಲಿನದು ಸುಮಾರು 580 ಸಾಲು ಇದೆ. ಕ್ರಿ.ಪೂ. 6ನೇ ಶತಮಾನದ್ದಿರಬೇಕು ಅಂತ ಹೆಚ್ಚಿನ ವಿದ್ವಾಂಸರ ಅಂದಾಜು. ಸ್ತೋತ್ರ ಅಂದ ತಕ್ಷಣ ಕೈ ಮುಗಿದು ಕೂರಬೇಡ. ಇದು ನಗಿಸುವ ಸ್ತೋತ್ರ.

ಆರ್ಕೇಡಿಯಾದ ಸಿಲೀನಿ ಬೆಟ್ಟದ ಒಂದು ಗುಹೆ. ತಿಂಗಳ ನಾಲ್ಕನೆಯ ದಿನ. ಬೆಳಗಿನ ಜಾವ ಹುಟ್ಟಿದ, ಮಧ್ಯಾಹ್ನ ವಾದ್ಯ ನುಡಿಸಿದ, ಸಂಜೆ ಜ್ಯೂಸನ ಇನ್ನೊಬ್ಬ ಮಗ, ಅಂದರೆ ಅಣ್ಣ ಅಪೊಲೊನ ದನ ಕದ್ದ. ಸ್ತೋತ್ರವೇ ಹೀಗೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ತೊಟ್ಟಿಲಿನಿಂದಿಳಿದು ಹೊರಗೆ ಬಂದರೆ ಅಂಗಳದಲ್ಲಿ ಒಂದು ಆಮೆ ಹುಲ್ಲು ಮೇಯುತ್ತಿದೆ. ಅದನ್ನು ನೋಡಿ ಮಗು ನಗುತ್ತದೆ. ಒಳ್ಳೆಯ ಶಕುನ ಅನ್ನುತ್ತದೆ. "ಒಳಗೆ ಬಾ, ಹೊರಗಿದ್ದರೆ ಅಪಾಯ" ಅಂತ ಉಪಚಾರದ ಮಾತಾಡಿ ಎತ್ತಿಕೊಂಡು ಹೋಗಿ ಕೊಂದುಬಿಡುತ್ತದೆ! ಆಮೆಯ ಚಿಪ್ಪು, ಅದರ ಮೇಲೆ ಎಳೆದ ತೊಗಲು, ಎರಡು ತೋಳು, ಒಂದು ಅಡ್ಡಪಟ್ಟಿ, ಕುರಿಯ ಕರುಳಿನ ಏಳು ತಂತಿ. ಜಗತ್ತಿನ ಮೊದಲ ಲೈರ್ ವಾದ್ಯ ಸಿದ್ಧ. ನುಡಿಸಿಕೊಂಡು ಹಾಡಿದ್ದು ಏನು ಗೊತ್ತಾ? ತನ್ನ ಅಪ್ಪ ಅಮ್ಮನ ಪ್ರೇಮದ ಕಥೆ. ಹಾಡುತ್ತಿರುವಾಗಲೇ ತಲೆಯಲ್ಲಿ ಬೇರೆ ಯೋಚನೆ. ಹೊಟ್ಟೆಗೆ ಮಾಂಸ ಬೇಕು.

ಕತ್ತಲಾಗುವ ಹೊತ್ತಿಗೆ ಗ್ರೀಸಿನ ಉತ್ತರದ ಪಿಯೇರಿಯಾಕ್ಕೆ ಹೋದ. ಅಲ್ಲಿ ದೇವತೆಗಳ ದನದ ಮಂದೆ ಮೇಯುತ್ತಿತ್ತು. ಅದರಿಂದ ಅಪೊಲೊನ 50 ಹಸುಗಳನ್ನು ಬೇರೆ ಮಾಡಿದ. ಹೋರಿಯನ್ನೂ ನಾಯಿಗಳನ್ನೂ ಮುಟ್ಟಲಿಲ್ಲ. ಹಸುಗಳನ್ನು ಹಿಂದು ಮುಂದಾಗಿ ನಡೆಸಿದ, ಗೊರಸಿನ ಗುರುತು ಹೊರಟ ಕಡೆಗೇ ತಿರುಗಿರಲಿ ಅಂತ. ತನ್ನ ಕಾಲಿಗೆ ಎಲೆ ಸಮೇತ ಕಡ್ಡಿಗಳನ್ನು ಹೆಣೆದು ದೊಡ್ಡ ಚಪ್ಪಲಿ ಕಟ್ಟಿಕೊಂಡ. ಮಾರನೆಯ ದಿನ ಅಪೊಲೊ ಆ ಜಾಡು ನೋಡಿ ಕಕ್ಕಾಬಿಕ್ಕಿಯಾದ. ಗಂಡಸಿನ ಹೆಜ್ಜೆ ಅಲ್ಲ, ಹೆಂಗಸಿನದಲ್ಲ, ತೋಳ, ಕರಡಿ, ಸಿಂಹದ್ದೂ ಅಲ್ಲ. ಯಾರೋ ಮರಗಳನ್ನೇ ಕಾಲು ಮಾಡಿಕೊಂಡು ನಡೆದ ಹಾಗಿದೆ ಅಂತ ಮುಂದೆ ಜ್ಯೂಸನ ಹತ್ತಿರ ದೂರು ಕೊಡುತ್ತಾನೆ.

ದಾರಿಯಲ್ಲಿ ಒಬ್ಬ ಮುದುಕ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುತ್ತಿದ್ದ. ಅವನಿಗೆ ಹರ್ಮೀಸ್ ಹೇಳಿದ್ದು: ಕಂಡರೂ ಕಾಣದ ಹಾಗಿರು, ಕೇಳಿದರೂ ಕಿವುಡನ ಹಾಗಿರು, ನಿನ್ನ ಗಂಟೇನೂ ಹೋಗಲ್ಲ. ಮುದುಕ ಬಾಯಿ ಬಿಟ್ಟ ಅನ್ನು. ಈ ಸ್ತೋತ್ರದಲ್ಲಿ ಅದಕ್ಕೆ ಶಿಕ್ಷೆ ಇಲ್ಲ. ರೋಮನ್ ಕವಿ ಓವಿಡ್ ಹೇಳುವ ಕಥೆಯಲ್ಲಿ ಮಾತ್ರ ಆ ಮುದುಕನನ್ನು ಕಲ್ಲು ಮಾಡಿಬಿಡುತ್ತಾನೆ. ಅದೂ ವೇಷ ಬದಲಿಸಿ ಬಂದು, ಜಾಸ್ತಿ ಆಸೆ ತೋರಿಸಿ, ಬಾಯಿ ಬಿಡಿಸಿದ ಮೇಲೆ. ನನಗೆ ಗ್ರೀಕರ ಹರ್ಮೀಸನೇ ಇಷ್ಟ. ಓವಿಡನವನು ಸ್ವಲ್ಪ ಸಣ್ಣ ಮನಸ್ಸಿನವನು.

ದಕ್ಷಿಣದ ಆಲ್ಫಿಯಸ್ ನದಿ ಹತ್ತಿರ ದನಗಳನ್ನು ಕೂಡಿಹಾಕಿ ಕಡ್ಡಿಗೆ ಕಡ್ಡಿ ಮಸೆದು ಬೆಂಕಿ ಮಾಡಿದ. ಹೀಗೆ ಬೆಂಕಿ ಹೊತ್ತಿಸುವ ವಿದ್ಯೆಯನ್ನು ಮೊದಲು ಕಂಡುಹಿಡಿದವನು ಅವನೇ ಅನ್ನುತ್ತದೆ ಸ್ತೋತ್ರ. ಎರಡು ಹಸು ಕಡಿದು, ಸುಟ್ಟು, ಮಾಂಸವನ್ನು ಹನ್ನೆರಡು ಪಾಲು ಮಾಡಿದ. ಪರಿಮಳಕ್ಕೆ ಬಾಯಲ್ಲಿ ನೀರೂರಿದರೂ ಒಂದು ತುಂಡೂ ತಿನ್ನಲಿಲ್ಲ. ನನಗೆ ಇಡೀ ಕಥೆಯ ಗುಟ್ಟು ಇಲ್ಲೇ ಇದೆ ಅನಿಸುತ್ತದೆ. ಒಲಿಂಪಸ್ ಬೆಟ್ಟದ ದೊಡ್ಡ ದೇವತೆಗಳು ಹನ್ನೆರಡು ಜನ. ತನ್ನನ್ನೂ ಸೇರಿಸಿಕೊಂಡೇ ಪಾಲು ಹಾಕಿದ್ದಾನೆ! ಇವನು ಹುಟ್ಟಿದ ವಿಷಯವೇ ಅವರಿಗೆ ಗೊತ್ತಿಲ್ಲ, ಇವನು ಆಗಲೇ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತಿದ್ದಾನೆ. ದೇವತೆ ಆಗಬೇಕಾದರೆ ಮಾಂಸ ತಿನ್ನಬಾರದು, ವಾಸನೆ ಮಾತ್ರ ತಗೊಳ್ಳಬೇಕು. ಹಾಗಾಗಿ ಹಸಿವು ತಡೆದುಕೊಂಡ.

ಚಪ್ಪಲಿ ನದಿಗೆ ಎಸೆದು ಮನೆಗೆ ಬಂದ. ಬಾಗಿಲು ತೆರೆಯಲಿಲ್ಲ. ಬೀಗದ ಕಿಂಡಿಯಲ್ಲಿ ಮಂಜಿನ ಎಳೆಯಂತೆ ಒಳಗೆ ನುಸುಳಿ, ತೊಟ್ಟಿಲಲ್ಲಿ ಬಟ್ಟೆ ಸುತ್ತಿಕೊಂಡು, ಪಕ್ಕದಲ್ಲಿ ಆಮೆ ವಾದ್ಯ ಇಟ್ಟುಕೊಂಡು ಮಲಗಿದ. ಅಮ್ಮನಿಗೆ ಎಲ್ಲ ಗೊತ್ತಾಗಿಬಿಟ್ಟಿತ್ತು, ಬೈದಳು. ಅದಕ್ಕೆ ಅವನ ಉತ್ತರ ಹೆಚ್ಚೂ ಕಡಿಮೆ ಹೀಗಿದೆ: "ನಾವಿಬ್ಬರೇ ಯಾಕಮ್ಮ ಪೂಜೆ, ನೈವೇದ್ಯ ಏನೂ ಇಲ್ಲದೆ ಈ ಕತ್ತಲೆ ಗುಹೆಯಲ್ಲಿ ಬಿದ್ದಿರಬೇಕು? ಅಪೊಲೊಗೆ ಸಿಗುವ ಮರ್ಯಾದೆ ನನಗೂ ಬೇಕು. ಅಪ್ಪ ಕೊಟ್ಟರೆ ಸರಿ, ಇಲ್ಲದಿದ್ದರೆ ಕಳ್ಳರ ಯಜಮಾನ ಆಗ್ತೀನಿ." ಅಪೊಲೊ ಗಲಾಟೆ ಮಾಡಿದರೆ ಡೆಲ್ಫಿಯ ಅವನ ಗುಡಿಗೇ ಕನ್ನ ಹಾಕುತ್ತೇನೆ ಅಂತಲೂ ಸೇರಿಸುತ್ತಾನೆ.

ನಿನಗೆ ಬೆಣ್ಣೆ ಕಳ್ಳ ಕೃಷ್ಣ ನೆನಪಾಗಿರುತ್ತಾನೆ. ನನಗೂ ಆದ. ಆದರೆ ಕೃಷ್ಣನಿಗೆ ಕದಿಯುವುದು ಲೀಲೆ. ಗೋಕುಲವೆಲ್ಲ ಅವನದೇ. ಇವನಿಗೆ ಅದು ಹಕ್ಕಿನ ಪ್ರಶ್ನೆ.

ಅಪೊಲೊ ಬಂದು ತೊಟ್ಟಿಲು ಹಿಡಿದು ಗದರಿದಾಗ ಮಗು ಕಣ್ಣುಜ್ಜಿಕೊಂಡು ಹೇಳುತ್ತದೆ: ನಾನು ಹುಟ್ಟಿದ್ದೇ ನಿನ್ನೆ, ಕಾಲು ಇನ್ನೂ ಮೆತ್ತಗಿದೆ, ನನಗೆ ಬೇಕಾದ್ದು ನಿದ್ದೆ, ಅಮ್ಮನ ಹಾಲು, ಬಿಸಿನೀರಿನ ಸ್ನಾನ, ಹಸು ಅಂದರೆ ಏನು ಅಂತಲೇ ಗೊತ್ತಿಲ್ಲ, ಹೆಸರು ಕೇಳಿದ್ದೇನೆ ಅಷ್ಟೇ. ಅಪೊಲೊ ನಕ್ಕು ಅವನನ್ನು ಎತ್ತಿಕೊಂಡ. ಮಗು ಹೂಸು ಬಿಟ್ಟು, ಹಿಂದೆಯೇ ಒಂದು ಸೀನು ಸೀನಿತು. ಭವಿಷ್ಯ ಹೇಳುವ ಮಹಾದೇವತೆ ಮಗುವನ್ನು ಕೆಳಗೆ ಹಾಕಿಬಿಟ್ಟ. ನಾನು ಸೇರಿಸಿದ್ದಲ್ಲ ಮಾರಾಯ, ಸ್ತೋತ್ರದಲ್ಲೇ ಇದೆ.

ಪಂಚಾಯ್ತಿ ಜ್ಯೂಸನ ಮುಂದೆ ಹೋಯಿತು. ಅಲ್ಲಿ ಹರ್ಮೀಸ್ ಹೇಳಿದ ಮಾತು ನೋಡು: "ನಾನು ಹಸುಗಳನ್ನು ಮನೆಗೆ ಹೊಡೆದುಕೊಂಡು ಬಂದಿಲ್ಲ, ಹೊಸ್ತಿಲು ದಾಟಿಲ್ಲ." ಎರಡೂ ನಿಜ! ಹಸುಗಳು ನದಿ ಹತ್ತಿರ ಇವೆ. ಅವನು ಬಂದದ್ದು ಬೀಗದ ಕಿಂಡಿಯಿಂದ. ವಕೀಲರು ಇಂಥವನನ್ನು ಪೂಜಿಸಬೇಕು. ಹೇಳುವಾಗ ಕಣ್ಣು ಬೇರೆ ಮಿಟುಕಿಸುತ್ತಾನೆ. ಜ್ಯೂಸ್ ಗಟ್ಟಿಯಾಗಿ ನಕ್ಕು, ಇಬ್ಬರೂ ಹೋಗಿ ದನ ಹುಡುಕಿ ಅಂತ ಕಳಿಸಿದ.

ಕೊನೆಗೆ ರಾಜಿ ಆದದ್ದು ವಾದ್ಯದಿಂದ. ಹರ್ಮೀಸ್ ನುಡಿಸಿದ. ಅಪೊಲೊಗೆ ಸಿಟ್ಟೆಲ್ಲ ಇಳಿದು, ಇದು 50 ಹಸುಗೆ ಸಮ ಅಂದ. ವಾದ್ಯ ಅಪೊಲೊಗೆ, ದನ ಹರ್ಮೀಸನಿಗೆ. ಇಬ್ಬರಿಗೂ ಲಾಭ. ಗ್ರೀಕರು ವ್ಯಾಪಾರವನ್ನೂ ಹರ್ಮೀಸನ ಲೆಕ್ಕಕ್ಕೇ ಬರೆದದ್ದು ಸುಮ್ನೆ ಅಲ್ಲ. ಅಪೊಲೊ ಒಂದು ಚಿನ್ನದ ಕೋಲನ್ನೂ ಕೊಟ್ಟ, ಆದರೆ ಮೊದಲು ಆಣೆ ಹಾಕಿಸಿಕೊಂಡ: ನನ್ನ ವಾದ್ಯವನ್ನೂ ಬಿಲ್ಲನ್ನೂ ಕದಿಯಬಾರದು ಅಂತ. ತಮ್ಮನ ಮೇಲೆ ಪ್ರೀತಿ ಬಂತು, ನಂಬಿಕೆ ಬರಲಿಲ್ಲ.

ಇದೇ ಕಥೆಯನ್ನು ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಹಾಸ್ಯ ನಾಟಕ ಮಾಡಿದ್ದ. ಬಹಳ ಕಾಲ ಕಳೆದೇ ಹೋಗಿತ್ತು. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬದಲ್ಲಿ ಸಿಕ್ಕ ಪಪೈರಸ್ ಚೂರುಗಳಿಂದ ಅರ್ಧದಷ್ಟನ್ನು ಜೋಡಿಸಿ 1912ರಲ್ಲಿ ಪ್ರಕಟಿಸಿದರು. ಅದರಲ್ಲಿ ದನದ ಜಾಡು ಹಿಡಿಯಲು ಹೊರಟ ಸ್ಯಾಟರ್‌ಗಳು, ಅಂದರೆ ಅರ್ಧ ಮನುಷ್ಯ ಅರ್ಧ ಮೃಗದಂಥ ಕಾಡುಜೀವಿಗಳು, ಗುಹೆಯೊಳಗಿನಿಂದ ಕೇಳುವ ಲೈರ್ ಸದ್ದಿಗೆ ಹೆದರಿ ಕಾಲು ಕೀಳುತ್ತಾರೆ. ಅವರು ಆ ಸದ್ದನ್ನು ಮೊದಲು ಯಾವತ್ತೂ ಕೇಳಿಲ್ಲವಲ್ಲ!

ಈಗ ಎರಡನೆಯ ವಿದ್ಯೆ, ನಿದ್ದೆ ಹೊಡೆಸುವುದು. ಜ್ಯೂಸ್ ಈಯೋ ಎಂಬ ಹುಡುಗಿಯ ಹಿಂದೆ ಬಿದ್ದು, ಹೆಂಡತಿಗೆ ಹೆದರಿ ಅವಳನ್ನು ಹಸು ಮಾಡಿದ. ಹೇರಾ ಏನೂ ದಡ್ಡಿ ಅಲ್ಲ. ಆ ಹಸುವನ್ನು ಕೇಳಿ ತಗೊಂಡು, ಮೈಯೆಲ್ಲ ಕಣ್ಣಿರುವ ಆರ್ಗಸನನ್ನು ಕಾವಲಿಟ್ಟಳು. ಅವನ ಕೆಲವು ಕಣ್ಣು ಮುಚ್ಚಿದರೆ ಉಳಿದವು ತೆರೆದಿರುತ್ತವೆ. ಜ್ಯೂಸ್ ಹರ್ಮೀಸನನ್ನು ಕಳಿಸಿದ. ಓವಿಡ್ ಹೇಳುವಂತೆ ಇವನು ದನಗಾಹಿ ವೇಷದಲ್ಲಿ ಹೋಗಿ, ಪಕ್ಕದಲ್ಲಿ ಕೂತು, ಕೊಳಲೂದಿ, ಆ ಕೊಳಲು ಹುಟ್ಟಿದ ಕಥೆ ಹೇಳತೊಡಗಿದ. ಕಥೆ ಮುಗಿಯುವ ಮೊದಲೇ ಎಲ್ಲ ಕಣ್ಣೂ ಮುಚ್ಚಿದವು. ಆಮೇಲೆ ಕತ್ತಿ. ಹೇರಾ ಆ ಕಣ್ಣುಗಳನ್ನು ತನ್ನ ನವಿಲಿನ ಗರಿಗೆ ಅಂಟಿಸಿದಳು.

ಈ ಕಥೆ ಹೇಳುವಾಗ ಎಲ್ಲರೂ ನವಿಲಿನ ಹತ್ತಿರ ನಿಲ್ಲಿಸುತ್ತಾರೆ. ಅದೇ ನಿದ್ದೆಯ ವಿದ್ಯೆಯನ್ನು ಅವನು ಇನ್ನೊಂದು ಕಡೆ ಹೇಗೆ ಬಳಸುತ್ತಾನೆ ನೋಡು. ನೀನು ಹೋಮರನ ಯುದ್ಧಕಾವ್ಯ ಇಲಿಯಡ್ ಪೂರ್ತಿ ಓದದಿದ್ದರೂ ಪರವಾಗಿಲ್ಲ, ಕೊನೆಯ, ಅಂದರೆ 24ನೇ ಸರ್ಗ ಒಂದನ್ನಾದರೂ ಓದು. ಟ್ರಾಯ್‌ನ ಮುದಿ ರಾಜ ಪ್ರಿಯಾಮ್ ತನ್ನ ಮಗ ಹೆಕ್ಟರನ ಹೆಣ ಬಿಡಿಸಿಕೊಂಡು ಬರಲು ಶತ್ರುಗಳ ಪಾಳೆಯಕ್ಕೆ, ಮಗನನ್ನು ಕೊಂದ ಗ್ರೀಕ್ ವೀರ ಅಕಿಲೀಸನ ಹತ್ತಿರ ಹೊರಟಿದ್ದಾನೆ. ಜೊತೆಗೆ ಒಬ್ಬ ಮುದಿ ಆಳು, ಹೇಸರಗತ್ತೆಯ ಗಾಡಿ ತುಂಬ ಹೆಣಕ್ಕೆ ಬದಲಾಗಿ ಕೊಡುವ ಸಾಮಾನು. ಕತ್ತಲಾಗುತ್ತಿದೆ. ನದಿಯಲ್ಲಿ ಪ್ರಾಣಿಗಳಿಗೆ ನೀರು ಕುಡಿಸಲು ನಿಂತಾಗ ಒಬ್ಬ ಯುವಕ ಎದುರಿಗೆ ಬರುತ್ತಾನೆ. ಈಗಷ್ಟೇ ಮೀಸೆ ಚಿಗುರುತ್ತಿರುವ ವಯಸ್ಸು. ಮುದುಕರಿಬ್ಬರಿಗೂ ಮೈ ನಡುಗುತ್ತದೆ. ಯುವಕ ಪ್ರಿಯಾಮನ ಕೈ ಹಿಡಿದು "ಅಪ್ಪಾ, ಇಷ್ಟು ಹೊತ್ತಿನಲ್ಲಿ ಎಲ್ಲಿಗೆ ಹೊರಟಿರಿ?" ಅಂತ ಕೇಳುತ್ತಾನೆ.

ಹರ್ಮೀಸನೇ. ಇಲ್ಲೂ ಸುಳ್ಳು ಬಿಡುವುದಿಲ್ಲ. ನಾನು ಅಕಿಲೀಸನ ಕಡೆಯವನು, ಅಪ್ಪನಿಗೆ ಏಳು ಗಂಡುಮಕ್ಕಳು, ಚೀಟಿ ಎತ್ತಿದಾಗ ಯುದ್ಧಕ್ಕೆ ನನ್ನ ಹೆಸರು ಬಂತು ಅಂತ ಪೂರ್ತಿ ಕಟ್ಟುಕಥೆ ಹೇಳುತ್ತಾನೆ. ಆದರೆ ಆ ಸುಳ್ಳಿನ ಮಧ್ಯೆ ಮುದುಕನಿಗೆ ಬೇಕಾದ ಒಂದು ನಿಜ ಹೇಳುತ್ತಾನೆ: ನಿನ್ನ ಮಗನ ಮೈ ಕೆಟ್ಟಿಲ್ಲ, ಹನ್ನೆರಡು ದಿನವಾದರೂ ಮಂಜು ಬಿದ್ದ ಹಾಗೆ ತಾಜಾ ಇದೆ, ಗಾಯಗಳೆಲ್ಲ ಮುಚ್ಚಿಕೊಂಡಿವೆ. ಪ್ರಿಯಾಮ್ ಸಂತೋಷದಿಂದ ಒಂದು ಬಟ್ಟಲು ಕೊಡಲು ಹೋದರೆ ಬೇಡ ಅನ್ನುತ್ತಾನೆ. ಯಜಮಾನನ ಬೆನ್ನ ಹಿಂದೆ ಉಡುಗೊರೆ ತಗೊಂಡರೆ ಅದು ಅವನಿಂದ ಕದ್ದ ಹಾಗಲ್ವಾ ಅಂತ! ಕಳ್ಳರ ದೇವರು ಲಂಚ ಬೇಡ ಅನ್ನುವ ಈ ಜಾಗಕ್ಕೆ ಬಂದಾಗ ನಾನು ಪ್ರತಿ ಸಲ ಪುಸ್ತಕ ಕೆಳಗಿಟ್ಟು ನಗುತ್ತೇನೆ.

ಆಮೇಲೆ ರಥಕ್ಕೆ ಹಾರಿ ತಾನೇ ಲಗಾಮು ಹಿಡಿಯುತ್ತಾನೆ. ಕಂದಕದ ಹತ್ತಿರ ಕಾವಲುಗಾರರು ರಾತ್ರಿಯ ಅಡಿಗೆಯ ತಯಾರಿಯಲ್ಲಿದ್ದಾರೆ. ಎಲ್ಲರಿಗೂ ನಿದ್ದೆ. ಅಕಿಲೀಸನ ಬಿಡಾರದ ಬಾಗಿಲಿಗೆ ಒಂದೇ ಒಂದು ದೊಡ್ಡ ಮರದ ಅಗುಳಿ. ಅದನ್ನು ಸರಿಸಲು ಮೂರು ಜನ ಬೇಕು, ಅಕಿಲೀಸ್ ಮಾತ್ರ ಒಬ್ಬನೇ ಸರಿಸಬಲ್ಲ. ಹರ್ಮೀಸ್ ಅದನ್ನು ತೆರೆದು ಗಾಡಿ ಒಳಗೆ ಬಿಟ್ಟು, ತಾನು ಯಾರು ಅಂತ ಹೇಳಿ, ಹೊರಟುಹೋಗುತ್ತಾನೆ. ಮುಂದೆ ಅಪ್ಪನೊಬ್ಬ ತನ್ನ ಮಗನನ್ನು ಕೊಂದವನ ಕೈಗೆ ಮುತ್ತಿಡುವ ಘಳಿಗೆಯಲ್ಲಿ ಅವನು ಅಲ್ಲಿರುವುದಿಲ್ಲ. ನಡುರಾತ್ರಿ ಮತ್ತೆ ಬಂದು, "ಶತ್ರುಗಳ ನಡುವೆ ಹೀಗೆ ಮಲಗಿದ್ದೀಯಲ್ಲ, ಏಳು" ಅಂತ ಎಬ್ಬಿಸಿ, ಯಾರ ಕಣ್ಣಿಗೂ ಬೀಳದಂತೆ ಹೊರಗೆ ಕರೆತಂದು ನದಿಯ ತನಕ ಬಿಡುತ್ತಾನೆ. ಕಾವಲಿಗೆ ನಿದ್ದೆ, ಸದ್ದಿಲ್ಲದ ಅಗುಳಿ, ಸುಳ್ಳು ವೇಷ. ಕಳ್ಳತನದ ವಿದ್ಯೆಗಳೇ ಇವು. ಕದ್ದುಕೊಂಡು ಹೋಗುತ್ತಿರುವುದು ಮಾತ್ರ ಒಬ್ಬ ಅಪ್ಪನನ್ನು.

ಸತ್ತವರನ್ನು ಪಾತಾಳಕ್ಕೆ ಕರೆದೊಯ್ಯುವುದೂ ಇವನದೇ ಕೆಲಸ. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯ ಕೊನೆಯಲ್ಲಿ ನಾಯಕ ಒಡಿಸ್ಯೂಸ್ ಕೊಂದವರ ಪ್ರೇತಗಳು ಗುಹೆಯ ಬಾವಲಿಗಳ ಹಾಗೆ ಕಿಚಿಕಿಚಿ ಅನ್ನುತ್ತಾ ಇವನ ಹಿಂದೆ ಹೋಗುತ್ತವೆ. ನಮ್ಮ ಯಮದೂತರ ಹಾಗೆ ಪಾಶ ಇಲ್ಲ, ಎಳೆದಾಟ ಇಲ್ಲ. ದಾರಿ ತೋರಿಸುವುದು ಅಷ್ಟೇ. ಪರ್ಸೆಫೊನಿ ಎಂಬ ದೇವತೆಯನ್ನು ಪಾತಾಳದ ರಾಜ ಹೇಡಿಸ್‌ನ ಲೋಕದಿಂದ ಅಮ್ಮನ ಹತ್ತಿರ ವಾಪಸ್ ಕರೆತಂದದ್ದೂ ಇವನೇ. ಹೋಗುವ ಬರುವ ಎರಡೂ ದಾರಿ ಗೊತ್ತು. ಕೆಲಸದ ಬಗ್ಗೆ ಗೊಣಗುವುದೂ ಗೊತ್ತು. ಒಡಿಸ್ಯೂಸನನ್ನು ಬಿಟ್ಟುಬಿಡು ಅಂತ ಹೇಳಲು, ಅವನನ್ನು ಹಿಡಿದಿಟ್ಟುಕೊಂಡಿದ್ದ ಕ್ಯಾಲಿಪ್ಸೊ ಎಂಬ ಅಪ್ಸರೆಯ ದ್ವೀಪಕ್ಕೆ ಹೋದಾಗ, ಇಷ್ಟು ಉದ್ದದ ಉಪ್ಪುನೀರು ದಾಟಿ ಯಾರು ಇಷ್ಟಪಟ್ಟು ಬರುತ್ತಾರೆ, ದಾರಿಯಲ್ಲಿ ಒಂದು ಊರಿಲ್ಲ, ಒಂದು ನೈವೇದ್ಯ ಇಲ್ಲ ಅನ್ನುತ್ತಾನೆ. ಮೇಲಿನವರು ಕಳಿಸಿದರು, ಬಂದೆ. ಟ್ರಾನ್ಸ್‌ಫರ್ ಆದ ನೌಕರನ ಮಾತು.

ಇವನ ಬಗ್ಗೆ ನನಗೆ ಹಿಡಿಸದ ಕಥೆಯೂ ಇದೆ. ಲೋಕದ ಮೊದಲ ಹೆಣ್ಣು ಪಂಡೋರಾಳನ್ನು ಮಾಡುವಾಗ ಒಬ್ಬೊಬ್ಬ ದೇವತೆ ಒಂದೊಂದು ಕೊಟ್ಟರಂತೆ. ಹರ್ಮೀಸ್ ಅವಳೊಳಗೆ ಸುಳ್ಳನ್ನೂ ಕಳ್ಳಬುದ್ಧಿಯನ್ನೂ ಇಟ್ಟ ಅಂತ ಗ್ರೀಕ್ ಕವಿ ಹೀಸಿಯಡ್ ಬರೆಯುತ್ತಾನೆ. ಅದೇ ಬುದ್ಧಿ ಇವನಲ್ಲಿದ್ದರೆ ಜ್ಯೂಸ್ ನಗುತ್ತಾನೆ. ಹೆಂಗಸಲ್ಲಿದ್ದರೆ ಲೋಕಕ್ಕೆ ಕೇಡು. ನಿನ್ನ ಮಗಳಿಗೆ ಈ ಭಾಗ ಹೇಳಿದರೆ ಅವಳೇ ಜಗಳ ತೆಗೆಯುತ್ತಾಳೆ, ತೆಗೆಯಲಿ.

ಊರ ಜನ ಇವನನ್ನು ಗುಡಿಗಿಂತ ಜಾಸ್ತಿ ಬೀದಿಯಲ್ಲಿ ಇಟ್ಟಿದ್ದರು. ಅಥೆನ್ಸಿನಲ್ಲಿ ಮನೆ ಬಾಗಿಲಲ್ಲಿ, ದಾರಿ ಬದಿಯಲ್ಲಿ ಚೌಕಾಕಾರದ ಕಲ್ಲು ಕಂಬಗಳಿದ್ದವು. ಮೇಲೆ ಗಡ್ಡದ ತಲೆ, ನಡುವೆ ಲಿಂಗ, ಕೈಕಾಲಿಲ್ಲ. ಹಿಪ್ಪಾರ್ಕಸ್ ಎಂಬ ಅಧಿಕಾರಸ್ಥ ಇಂಥ ಕಂಬಗಳನ್ನು ಊರೂರ ದಾರಿಯಲ್ಲಿ ನಿಲ್ಲಿಸಿ ಬುದ್ಧಿಮಾತು ಕೆತ್ತಿಸಿದ್ದನಂತೆ. ಒಂದರ ಮೇಲೆ "ಗೆಳೆಯನಿಗೆ ಮೋಸ ಮಾಡಬೇಡ" ಅಂತ ಇತ್ತು. ಯಾರ ಕಂಬದ ಮೇಲೆ ಯಾವ ಮಾತು! ಕ್ರಿ.ಪೂ. 415ರಲ್ಲಿ ಸಿಸಿಲಿಯ ದಂಡಯಾತ್ರೆಗೆ ಹಡಗುಗಳು ಸಿದ್ಧವಾಗಿದ್ದಾಗ ಒಂದೇ ರಾತ್ರಿಯಲ್ಲಿ ಅಥೆನ್ಸಿನ ಬಹುಪಾಲು ಕಂಬಗಳ ಮುಖ ಒಡೆದುಹಾಕಿದರು. ಪಯಣದ ದೇವರ ಮುಖ, ಅದೂ ಪಯಣಕ್ಕೆ ಮೊದಲು. ಊರೇ ನಡುಗಿತು. ಸಿಕ್ಕಸಿಕ್ಕವರ ಮೇಲೆ ದೂರು, ಮರಣದಂಡನೆ. ದಂಡಿನ ನಾಯಕರಲ್ಲಿ ಒಬ್ಬನಾದ ಆಲ್ಸಿಬಿಯಾಡಿಸನ ಮೇಲೂ ಧರ್ಮದ್ರೋಹದ ಆರೋಪ ಬಂತು. ಅವನನ್ನು ಸಿಸಿಲಿಯಿಂದ ವಾಪಸ್ ಕರೆದಾಗ ದಾರಿಯಲ್ಲಿ ತಪ್ಪಿಸಿಕೊಂಡು ಸ್ಪಾರ್ಟಾದ ಪಕ್ಷ ಸೇರಿಬಿಟ್ಟ. ಎರಡು ವರ್ಷದಲ್ಲಿ ಆ ದಂಡು ಪೂರ್ತಿ ನಾಶವಾಯಿತು.

ಸೇಮಸ್ ದ್ವೀಪದಲ್ಲಿ ಇವನ ಹಬ್ಬದ ದಿನ ಕದಿಯಲು ಪರವಾನಗಿ ಇತ್ತಂತೆ, ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. ಇನ್ನೂ ಚೆನ್ನಾಗಿರುವುದು ಫಾರೀ ಎಂಬ ಊರಿನದು. ಕ್ರಿ.ಶ. ಎರಡನೇ ಶತಮಾನದ ಪ್ರವಾಸಿ ಪೌಸೇನಿಯಸ್ ಅದನ್ನು ವಿವರವಾಗಿ ಹೇಳುತ್ತಾನೆ. ಸಂತೆ ಮಾಳದ ನಡುವೆ ಗಡ್ಡದ ಹರ್ಮೀಸ್, ಮುಂದೆ ಕಲ್ಲಿನ ಒಲೆ, ಕಂಚಿನ ದೀಪಗಳು. ಸಂಜೆ ಬಂದು ಧೂಪ ಹಾಕಿ, ಎಣ್ಣೆ ತುಂಬಿ ದೀಪ ಹಚ್ಚಿ, ಬಲಗಡೆ ಒಂದು ನಾಣ್ಯ ಇಟ್ಟು, ವಿಗ್ರಹದ ಕಿವಿಯಲ್ಲಿ ನಿನ್ನ ಪ್ರಶ್ನೆ ಪಿಸುಗುಟ್ಟಬೇಕು. ಆಮೇಲೆ ಎರಡೂ ಕಿವಿ ಮುಚ್ಚಿಕೊಂಡು ನಡೆಯಬೇಕು. ಸಂತೆ ದಾಟಿದ ಮೇಲೆ ಕೈ ತೆಗೆದರೆ ಮೊದಲು ಕೇಳಿಸುವ ಮಾತೇ ದೇವರ ಉತ್ತರ. ಯಾವನೋ ದಾರಿಯಲ್ಲಿ ಹೆಂಡತಿಯನ್ನು ಬೈಯುತ್ತಿದ್ದರೂ ಅದೇ! ಡೆಲ್ಫಿಯಲ್ಲಿ ಅಪೊಲೊಗೆ ಪೂಜಾರಿಣಿ ಬೇಕು, ಸರತಿ ಸಾಲು ಬೇಕು. ಇಲ್ಲಿ ಬೀದಿಯಲ್ಲಿ ಹೋಗುವವರೇ ಸಾಕು.

ನಿನಗೂ ಇವನು ಹೊಸಬನೇನಲ್ಲ. ಕೊಡಲಿ ನದಿಗೆ ಬಿದ್ದ ಮರ ಕಡಿಯುವವನ ಕಥೆ ನೆನಪಿದೆಯಲ್ಲ? ಚಿನ್ನದ ಕೊಡಲಿ ನನ್ನದಲ್ಲ, ಬೆಳ್ಳಿಯದೂ ನನ್ನದಲ್ಲ. ನಮಗೆ ಹೇಳಿಕೊಟ್ಟಾಗ ನೀರಿನಿಂದ ಒಬ್ಬ ದೇವತೆ ಎದ್ದು ಬರುತ್ತಿದ್ದಳು. ಈಸೋಪನ ಮೂಲ ಕಥೆಯಲ್ಲಿ ಬರುವವನು ಹರ್ಮೀಸ್. ನಿಜ ಹೇಳಿದವನಿಗೆ ಮೂರೂ ಕೊಡಲಿ ಕೊಟ್ಟದ್ದು ಈ ಕಳ್ಳರ ದೇವರೇ. ಸುಳ್ಳನ್ನು ವಾಸನೆಯಲ್ಲೇ ಹಿಡಿಯಲು ಇವನಿಗಿಂತ ಪರಿಣತ ಯಾರಿದ್ದಾರೆ? ಇನ್ನು ಬುಧವಾರ. ಬುಧ ಗ್ರಹವನ್ನು ಗ್ರೀಕರು ಹರ್ಮೀಸನ ನಕ್ಷತ್ರ ಅಂದರು, ರೋಮನ್ನರು ಮರ್ಕ್ಯುರಿಯ ವಾರ ಮಾಡಿದರು. 88 ದಿನಕ್ಕೊಮ್ಮೆ ಸೂರ್ಯನನ್ನು ಸುತ್ತುವ ಗ್ರಹ, ಓಡಾಡುವ ದೇವರಿಗೆ ಸರಿಯಾಗಿಯೇ ಸಿಕ್ಕಿತು. ಹಾವು ಸುತ್ತಿದ ಅವನ ಕೋಲು ಮಾತ್ರ ತಪ್ಪು ವಿಳಾಸಕ್ಕೆ ಹೋಗಿದೆ. ಅಮೆರಿಕದ ಸೇನೆಯ ವೈದ್ಯಕೀಯ ವಿಭಾಗ 1902ರಲ್ಲಿ ಅದನ್ನು ಲಾಂಛನ ಮಾಡಿಕೊಂಡಿತು. ವೈದ್ಯರ ದೇವರು ಅಸ್ಕ್ಲೀಪಿಯಸ್, ಅವನ ಕೋಲಿಗೆ ಒಂದೇ ಹಾವು, ರೆಕ್ಕೆ ಇಲ್ಲ. ಎರಡು ಹಾವಿನದು ವ್ಯಾಪಾರಿಗಳ, ಕಳ್ಳರ, ಸತ್ತವರ ದಾರಿಯದು. ಆಸ್ಪತ್ರೆ ಬಿಲ್ ನೋಡಿದಾಗ ಕೆಲವು ಸಲ ಸರಿಯಾಗೇ ಇದೆ ಅನಿಸುತ್ತದೆ, ಬಿಡು.

ಮಗಳಿಗೆ ಒಂದು ಕಥೆ ಮಾತ್ರ ಹೇಳಲು ಟೈಮಿದ್ದರೆ ಈಸೋಪನ ಈ ಇನ್ನೊಂದನ್ನು ಹೇಳು. ಭೂಮಿಯಲ್ಲಿ ತನ್ನ ಬೆಲೆ ಎಷ್ಟು ಅಂತ ನೋಡಲು ಹರ್ಮೀಸ್ ಮನುಷ್ಯನ ವೇಷದಲ್ಲಿ ಒಬ್ಬ ಶಿಲ್ಪಿಯ ಅಂಗಡಿಗೆ ಹೋದ. ಜ್ಯೂಸನ ವಿಗ್ರಹ ಎಷ್ಟು ಅಂದ. ಒಂದು ದ್ರಾಕ್ಮಾ. ನಕ್ಕು, ಹೇರಾಳದು ಅಂದ. ಅದು ಸ್ವಲ್ಪ ಜಾಸ್ತಿ. ಆಮೇಲೆ ತನ್ನದೇ ವಿಗ್ರಹ ತೋರಿಸಿ, ದೇವತೆಗಳ ದೂತ, ಲಾಭ ಕೊಡುವವನು, ಇದಕ್ಕೆ ಭಾರೀ ಬೆಲೆ ಇರಬೇಕು ಅಂದುಕೊಂಡು, ಇದೆಷ್ಟು ಅಂತ ಕೇಳಿದ. ಶಿಲ್ಪಿ ತಲೆ ಎತ್ತದೆ ಹೇಳಿದ: "ಅವೆರಡನ್ನೂ ತಗೊಳ್ಳಿ ಸ್ವಾಮಿ, ಇದನ್ನ ಕೊಸರಿಗೆ ಕೊಡ್ತೀನಿ."

ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳು. ಕ್ವಿಜ್ ಏನಾಯಿತು ಅಂತ ಬರಿ.

ಇಂತಿ ನಿನ್ನ,
ಗೆಳೆಯ